ಅಂಬೇಡ್ಕರ್ ಜಯಂತಿಯ ಮೆರವಣಿಗೆ ಮತ್ತು ನಾವು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಾರ್ಷಿಕ ಸಮಾರಂಭದಲ್ಲಿ ಶಿಕ್ಷಕರು ಮಾತನಾಡುವುದೆಂದರೆ ಮಕ್ಕಳಿಗೆ ಬುದ್ಧಿ ಹೇಳುವುದು ಎಂಬ ವಾಡಿಕೆ ನಮ್ಮಲ್ಲಿದೆ. ಇಂದು ಅದನ್ನು ಸ್ವಲ್ಪ ಬದಲಿಸಿ, ಮಕ್ಕಳ ಎದುರಿನಲ್ಲೇ ದೊಡ್ಡವರ ಜೊತೆ ಮಾತನಾಡಲು ಅಧ್ಯಕ್ಷರ ಅನುಮತಿ ಕೇಳಿದ್ದೆ. ಅವರು ಒಪ್ಪಿದ್ದಾರೆ. ನನ್ನ ಮಾತು ಮುಗಿದ ಮೇಲೂ ಆ ಒಪ್ಪಿಗೆ ಹಾಗೆಯೇ ಉಳಿಯಲಿ ಎಂದು ಹಾರೈಸಿ ಆರಂಭಿಸುತ್ತೇನೆ.

ಕಳೆದ ಏಪ್ರಿಲ್ 14ರಂದು ಮೂಡುಬಿದಿರೆ ಪೇಟೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಜಯಂತಿಯ ಮೆರವಣಿಗೆ ಹೊರಟಿತ್ತು. ಬಿಸು ಹಬ್ಬದ ಹೊತ್ತು. ಬಿಸಿಲು ಹೇಗಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ಹೂವಿನಿಂದ ಅಲಂಕರಿಸಿದ ಪಿಕಪ್ ವಾಹನದಲ್ಲಿ ಬಾಬಾಸಾಹೇಬರ ಭಾವಚಿತ್ರ, ಮುಂದೆ ಕೊರಗ ಯುವಕರ ಡೋಲಿನ ತಂಡ, ಹಿಂದೆ ನೀಲಿ ಬಾವುಟ ಹಿಡಿದ ಹೆಂಗಸರು, ಮಕ್ಕಳು, ಕೂಲಿಗೆ ಒಂದು ದಿನ ರಜೆ ಹಾಕಿ ಬಂದ ಗಂಡಸರು. ಶಿರ್ತಾಡಿಯಿಂದ ನಾವು ಹನ್ನೊಂದು ಮಂದಿ ಹೋಗಿದ್ದೆವು. ನಮ್ಮ ಸಂಘದ ವತಿಯಿಂದ ರಸ್ತೆ ಬದಿಯಲ್ಲಿ ಒಂದು ಮೇಜು ಹಾಕಿ, ಎರಡು ದೊಡ್ಡ ಪಾತ್ರೆಗಳಲ್ಲಿ ನಿಂಬೆ ಶರಬತ್ತು ಇಟ್ಟಿದ್ದೆವು. ಮೆರವಣಿಗೆ ಬಂತು, ನಿಂತಿತು, ಜನ ಶರಬತ್ತು ಕುಡಿದರು, ಧನ್ಯವಾದ ಹೇಳಿದರು. ಪಾತ್ರೆ ಖಾಲಿಯಾಯಿತು. ಮಕ್ಕಳಿಗೆಲ್ಲ ಬಹಳ ಖುಷಿ.

ಮೆರವಣಿಗೆ ಮುಂದಕ್ಕೆ ಹೊರಟಾಗ ನಾನು ನಮ್ಮ ಹುಡುಗರಿಗೆ, “ಬನ್ನಿ, ಸಭೆಯವರೆಗೆ ನಾವೂ ನಡೆಯೋಣ” ಎಂದೆ. ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ತರಗತಿಯಲ್ಲಿ ಬಾಯಿ ಬಿಡದವನು, ಕೇಳಿದ: “ಸರ್, ಇದು ಅವರ ಕಾರ್ಯಕ್ರಮ ಅಲ್ವಾ? ನಾವು ಶರಬತ್ತು ಕೊಟ್ಟರೆ ಸಾಕಲ್ಲ, ನಡೆಯುವುದು ಯಾಕೆ?”

“ಮೊದಲು ನಡಿ, ಆಮೇಲೆ ಹೇಳುತ್ತೇನೆ” ಎಂದೆ. ಶಿಕ್ಷಕರು ಉತ್ತರ ಸಿದ್ಧವಿಲ್ಲದಾಗ ಹೇಳುವ ಮಾತು ಅದು. ಆ ಹುಡುಗ ಇವತ್ತು ಈ ಸಭೆಯಲ್ಲಿ ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದಾನೆ. ಸಾಲ ತೀರಿಸುವ ಸಮಯ ಬಂದಿದೆ.

ಮೆರವಣಿಗೆ ಎಂದರೆ ಗದ್ದಲ, ಬಾವುಟ, ಧ್ವನಿವರ್ಧಕ ಎಂದು ತಿಳಿದವರಿಗೆ ಮೊದಲು ಒಂದು ಮೆರವಣಿಗೆಯ ಕಥೆ ಹೇಳುತ್ತೇನೆ. ಇಂದಿನ ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ ಮಹಾಡ್ ಎಂಬ ಊರಿದೆ. ಅಲ್ಲಿ ಚೌದಾರ್ ಎಂಬ ಕೆರೆ. ಮುಂಬಯಿ ಶಾಸನಸಭೆ 1923ರಲ್ಲೇ ಸಾರ್ವಜನಿಕ ಕೆರೆ, ಬಾವಿ, ಶಾಲೆಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಠರಾವು ಮಾಡಿತ್ತು. 1924ರಲ್ಲಿ ಮಹಾಡಿನ ಪುರಸಭೆಯೂ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಬರೆಯಿತು. ಠರಾವು ಪುಸ್ತಕದಲ್ಲಿತ್ತು, ನೀರು ಕೆರೆಯಲ್ಲಿತ್ತು. ಮೂರು ವರ್ಷ ಯಾವ ದಲಿತನೂ ಅದನ್ನು ಮುಟ್ಟಲು ಸಾಧ್ಯವಾಗಲಿಲ್ಲ. ಗಮನಿಸಿ, ಆ ಕೆರೆಯ ನೀರನ್ನು ಮುಸ್ಲಿಮರೂ ಕ್ರೈಸ್ತರೂ ಯಾವ ತಡೆಯೂ ಇಲ್ಲದೆ ಬಳಸುತ್ತಿದ್ದರು. ನಮ್ಮವರಿಗೆ ಆ ಕೆರೆಯಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇಲ್ಲದವರಿಗೆ ಇನ್ನೊಬ್ಬರ ತೊಂದರೆ ಕಾಣಿಸುವುದು ಕಡಿಮೆ.

1927ರ ಮಾರ್ಚ್ 20ರಂದು ಸಾವಿರಾರು ಜನರು ಅಂಬೇಡ್ಕರ್ ಅವರ ನೇತೃತ್ವದಲ್ಲಿ ಶಿಸ್ತಿನಿಂದ ಸಾಲಾಗಿ ನಡೆದು ಆ ಕೆರೆಯ ನೀರು ಕುಡಿದರು. ಅಷ್ಟೇ ಅವರು ಮಾಡಿದ್ದು. ನಡೆದರು, ಬಗ್ಗಿದರು, ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಅದಕ್ಕೆ ಪ್ರತಿಯಾಗಿ ಅವರು ದೇವಸ್ಥಾನಕ್ಕೂ ನುಗ್ಗುತ್ತಾರೆಂಬ ಸುಳ್ಳು ಸುದ್ದಿ ಹಬ್ಬಿಸಿ, ಊಟ ಮಾಡುತ್ತಿದ್ದವರ ಮೇಲೆ ದೊಣ್ಣೆ ಹಿಡಿದು ಬಿದ್ದರು. ಆ ದಿನ ಪೆಟ್ಟು ತಿಂದು ಓಡಿದವರಲ್ಲಿ ಹಲವರಿಗೆ ಮಹಾಡಿನ ಮುಸ್ಲಿಮರ ಮನೆಗಳಲ್ಲಿ ಆಶ್ರಯ ಸಿಕ್ಕಿತು. ಕೆರೆಯನ್ನು ಆಮೇಲೆ ಸಗಣಿ, ಗಂಜಲದಿಂದ “ಶುದ್ಧಿ” ಮಾಡಿದರು.

ಅದೇ ವರ್ಷ ಡಿಸೆಂಬರ್ 25ರಂದು ಮಹಾಡಿನಲ್ಲಿ ಎರಡನೆಯ ಸಮ್ಮೇಳನ. ಚಪ್ಪರ ಹಾಕಲು ಜಾಗ ಬೇಕಲ್ಲ? ಯಾರೂ ಕೊಡಲಿಲ್ಲ. ಊರಿನ ಅಂಗಡಿಗಳಲ್ಲಿ ದಿನಸಿ ಕೂಡ ಸಿಗದಂತೆ ಕಟ್ಟುಪಾಡು ಮಾಡಿದರು. ಆಗ ತನ್ನ ಜಾಗ ಬಿಟ್ಟುಕೊಟ್ಟವರು ಫತ್ತೇಖಾನ್ ಎಂಬ ಒಬ್ಬ ಮುಸ್ಲಿಂ. ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೆರಡು ಸಾಲು ಮಾತ್ರ. ಸಮ್ಮೇಳನ ನಡೆಯಿತು. ಅದರ ಹತ್ತು ವರ್ಷಗಳ ನಂತರ, 1937ರ ಮಾರ್ಚಿನಲ್ಲಿ, ಮುಂಬಯಿ ಹೈಕೋರ್ಟಿನ ತೀರ್ಪು ಕೆರೆಯ ವಿಷಯದಲ್ಲಿ ದಲಿತರ ಪರವಾಗಿ ಬಂತು. ಇನ್ನೂ ಹದಿಮೂರು ವರ್ಷಗಳ ಬಳಿಕ ಸಂವಿಧಾನ ಜಾರಿಗೆ ಬಂದಾಗ, ಅದರ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಜೊತೆಗೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರೂ ಬಂತು. ವಿದ್ಯಾರ್ಥಿಗಳೇ, ಪೌರನೀತಿಯ ಪಾಠದಲ್ಲಿ ನೀವು ಅಂಕಕ್ಕಾಗಿ ಬಾಯಿಪಾಠ ಮಾಡುವ ಆ ಸಾಲಿನಲ್ಲಿ “ಕೆರೆ” ಎಂಬ ಪದವನ್ನು ಓದುವಾಗ ಮಹಾಡಿನ ಬಿಸಿಲಿನಲ್ಲಿ ನಡೆದವರನ್ನು ನೆನೆಯಿರಿ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆಲ್ಲ ಸಂತೋಷವಾಗುತ್ತದೆ. ಫತ್ತೇಖಾನ್ ನಮ್ಮವರು ಎಂದು ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಆಗುವುದೂ ಅದೇ. ಆದರೆ ನಾನು ಭಾಷೆ ಕಲಿಸುವವನು. ಅರ್ಧ ವಾಕ್ಯ ಓದಿ ನಿಲ್ಲಿಸಿದರೆ ಅರ್ಥ ಕೆಡುತ್ತದೆ ಎಂದು ದಿನವೂ ಮಕ್ಕಳಿಗೆ ಹೇಳುವವನು.

ಇನ್ನರ್ಧ ಕೇಳಿ. 1934ರಲ್ಲಿ ಅಂಬೇಡ್ಕರ್ ಅವರು ಸುಮಾರು ಮೂವತ್ತು ಮಂದಿ ಸಂಗಾತಿಗಳೊಂದಿಗೆ ವೇರೂಳದ ಗುಹೆಗಳನ್ನು ನೋಡಲು ಹೊರಟರು. ದಾರಿಯಲ್ಲಿ ನಿಜಾಮರ ಸಂಸ್ಥಾನಕ್ಕೆ ಸೇರಿದ ದೌಲತಾಬಾದಿನ ಕೋಟೆ. ರಂಜಾನ್ ತಿಂಗಳು. ಕೋಟೆಯ ಬಾಗಿಲಿನ ಬಳಿ ನೀರು ತುಂಬಿದ ಒಂದು ಸಣ್ಣ ಕೊಳ, ಸುತ್ತ ಕಲ್ಲಿನ ಹಾಸು. ದಾರಿಯ ಧೂಳಿನಿಂದ ಬಂದವರು ಕೆಲವರು ಅಲ್ಲಿ ಕೈಕಾಲು, ಮುಖ ತೊಳೆದುಕೊಂಡರು. ಆಗ ಬಿಳಿಗಡ್ಡದ ಮುಸ್ಲಿಂ ಮುದುಕರೊಬ್ಬರು ಹಿಂದಿನಿಂದ ಓಡಿಬಂದು, ಅಸ್ಪೃಶ್ಯರು ಕೊಳವನ್ನು ಮೈಲಿಗೆ ಮಾಡಿದರೆಂದು ಕೂಗಾಡಿದರು. ಜನ ಸೇರಿದರು. ಬೈಗುಳ. ಅಲ್ಲಿಯ ದಲಿತರನ್ನೂ ಕರೆದು ಇವರಿಗೆ ಬುದ್ಧಿ ಹೇಳಲಿಲ್ಲವೇಕೆ ಎಂದು ಗದರಿಸಿದರು. ಇದನ್ನೇನಾ ನಿಮ್ಮ ಧರ್ಮ ಕಲಿಸುವುದು, ಒಬ್ಬ ಅಸ್ಪೃಶ್ಯ ನಿಮ್ಮ ಧರ್ಮಕ್ಕೆ ಸೇರಿದರೆ ಆಗಲೂ ನೀರು ಮುಟ್ಟಬಾರದು ಎನ್ನುತ್ತೀರಾ ಎಂಬ ಅರ್ಥದಲ್ಲಿ ಅಂಬೇಡ್ಕರ್ ಕೇಳಿದರು. ಆ ಗುಂಪಿನಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಕೋಟೆ ನೋಡಲು ಬಿಟ್ಟರು, ಒಳಗೆಲ್ಲೂ ನೀರು ಮುಟ್ಟಬಾರದು ಎಂಬ ಷರತ್ತಿನ ಮೇಲೆ. ಕಾಯಲು ಜೊತೆಗೆ ಒಬ್ಬ ಶಸ್ತ್ರಧಾರಿ ಸಿಪಾಯಿಯನ್ನು ಕಳುಹಿಸಿದರು.

ಇದನ್ನು ಅಂಬೇಡ್ಕರ್ ಅವರೇ ತಮ್ಮ ನೆನಪುಗಳ ಸಣ್ಣ ಬರಹದಲ್ಲಿ ದಾಖಲಿಸಿದ್ದಾರೆ. ಬಿ.ಎಡ್. ಓದುವಾಗ ಗ್ರಂಥಾಲಯದಲ್ಲಿ ಮೊದಲ ಬಾರಿ ಅದನ್ನು ಓದಿದ್ದೆ. ಓದಿ ಪುಸ್ತಕ ಮುಚ್ಚಿದೆ. ಆ ಹೊತ್ತಿಗೆ ನನಗೆ ಕೋಪ ಬಂದದ್ದು ಆ ಮುದುಕರ ಮೇಲಲ್ಲ, ಇದನ್ನು ಬರೆದಿಟ್ಟರಲ್ಲಾ ಎಂದು ಅಂಬೇಡ್ಕರ್ ಮೇಲೆಯೇ. ಯಾಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ಹಿತ್ತಲಿಗೆ ನಿಮ್ಮನ್ನು ಕರೆದೊಯ್ಯಬೇಕು.

ನಮ್ಮ ದಾದಿಮಾ ಬಹಳ ಒಳ್ಳೆಯವರು. ಐದು ಹೊತ್ತಿನ ನಮಾಜು ಬಿಟ್ಟವರಲ್ಲ, ಬಾಗಿಲಿಗೆ ಬಂದವರನ್ನು ಹಸಿದು ಕಳುಹಿಸಿದವರಲ್ಲ. ನಮ್ಮ ಮನೆಗೆ ವರ್ಷಕ್ಕೆ ಎರಡು ಮೂರು ಸಲ ಕೊರಗ ಸಮುದಾಯದ ಒಬ್ಬ ಹಿರಿಯರು ಬುಟ್ಟಿ, ಗೆರಸೆ ಹೊತ್ತು ಬರುತ್ತಿದ್ದರು. ಕಾಡಿನ ಬಳ್ಳಿಯಿಂದ ಅವರು ಹೆಣೆದ ಬುಟ್ಟಿ ಹತ್ತು ಮಳೆಗಾಲ ಕಳೆದರೂ ಬಿಚ್ಚುತ್ತಿರಲಿಲ್ಲ. ಅವರು ಅಂಗಳ ದಾಟಿ ಬರುತ್ತಿರಲಿಲ್ಲ. ಹಟ್ಟಿಯ ಮಾಡಿನ ಕೆಳಗೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಆ ಮಾಡಿನ ಸಂದಿಯಲ್ಲಿ ಒಂದು ತೆಂಗಿನ ಗೆರಟೆ ಸಿಕ್ಕಿಸಿಟ್ಟಿರುತ್ತಿತ್ತು. ಅವರು ಅದನ್ನು ತಾವೇ ತೆಗೆದು ಹಿಡಿಯಬೇಕು, ದಾದಿಮಾ ಮೇಲಿನಿಂದ ನೀರೋ ಚಹವೋ ಸುರಿಯಬೇಕು. ಕುಡಿದಾದ ಮೇಲೆ ಅವರೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದರು. ನಮಗೆ ಮಕ್ಕಳಿಗೆ ಅದು ಕೋಳಿಗೂಡು ಎಲ್ಲಿದೆ, ಕೊಡಪಾನ ಎಲ್ಲಿದೆ ಎಂಬಷ್ಟೇ ಸಹಜ ಸಂಗತಿ.

ನನಗೆ ಎಂಟೋ ಒಂಬತ್ತೋ ವರ್ಷ. ಒಂದು ದಿನ ದಾದಿಮಾ ನಮಾಜಿಗೆ ನಿಂತಿದ್ದರು. ಅವರು ನೀರು ಕೇಳಿದರು. ನಾನು ಅಡಿಗೆಕೋಣೆಯಿಂದ ಸ್ಟೀಲ್ ಲೋಟದಲ್ಲಿ ತಂದುಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. “ಬೇಡ ಬಾಬಾ, ಬೀಬಮ್ಮ ಬೈಯುತ್ತಾರೆ” ಎಂದು ತುಳುವಿನಲ್ಲಿ ಹೇಳಿದರು. ನಾನು ಬಿಡಲಿಲ್ಲ, ಕೈಗೆ ಹಿಡಿಸಿದೆ. ಅವರು ಲೋಟವನ್ನು ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿದರು. ಅಷ್ಟರಲ್ಲಿ ದಾದಿಮಾ ಬಂದರು. ಅವರ ಎದುರು ಏನೂ ಹೇಳಲಿಲ್ಲ. ಅವರು ಹೋದ ಮೇಲೆ ಲೋಟವನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದರು. ಆ ಲೋಟ ಮತ್ತೆ ಅಡಿಗೆಕೋಣೆಗೆ ಬರಲಿಲ್ಲ, ಹಟ್ಟಿಯಲ್ಲಿ ಹಿಂಡಿ ಅಳೆಯಲು ಹೋಯಿತು.

ಅಂದು ಸಂಜೆ ಮದ್ರಸದಲ್ಲಿ ಉಸ್ತಾದರು ಹಜ್ರತ್ ಬಿಲಾಲರ ಕಥೆ ಹೇಳಿದರು ಎಂದು ಇಲ್ಲಿ ಸೇರಿಸಿದರೆ ಭಾಷಣಕ್ಕೆ ಒಳ್ಳೆಯದಾಗುತ್ತಿತ್ತು. ಆದರೆ ಹಾಗೇನೂ ಆಗಲಿಲ್ಲ. ಬಿಲಾಲರ ಕಥೆಯನ್ನು ನಾನು ಅದಕ್ಕೆ ಮೊದಲೂ ನೂರು ಸಲ ಕೇಳಿದ್ದೆ, ಆಮೇಲೂ ಕೇಳಿದೆ. ಮೀಲಾದ್ ಸ್ಪರ್ಧೆಯಲ್ಲಿ ಅದನ್ನೇ ಹೇಳಿ ಬಹುಮಾನವಾಗಿ ಒಂದು ಟಿಫಿನ್ ಡಬ್ಬಿಯನ್ನೂ ಪಡೆದೆ. ಬಿಲಾಲರಿಗೂ ಹಟ್ಟಿಯ ಗೆರಟೆಗೂ ಸಂಬಂಧ ಇದೆಯೆಂದು ನನಗೆ ಹೊಳೆದದ್ದು ಬಿ.ಎಡ್. ಗ್ರಂಥಾಲಯದಲ್ಲಿ, ದೌಲತಾಬಾದಿನ ಆ ಬಿಳಿಗಡ್ಡದವರು ಎದುರಾದಾಗ. ಮೇಲು ಕೀಳು ಇಲ್ಲ ಎನ್ನುವ ದೀನಿನಲ್ಲಿ ಗೆರಟೆ ಎಲ್ಲಿಂದ ಬಂತು? ನೆರೆಯಿಂದ ಬಂತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನೆರೆಯಿಂದ ನಾವು ನೀರುದೋಸೆಯನ್ನೂ ಕಲಿತೆವು, ಗೆರಟೆಯನ್ನೂ ಕಲಿತೆವು. ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಆಯ್ಕೆ ನಮ್ಮದೇ ಆಗಿತ್ತು.

ಈಗ ನಮ್ಮ ಮನೆಗಳಲ್ಲಿ ಗೆರಟೆ ಇಲ್ಲ, ಸರಿ. ಶರಬತ್ತಿನ ಮೇಜಿಗೆ ಮೊದಲು ಸಮಿತಿಯ ಸಭೆಯಲ್ಲಿ ಒಂದು ಸಣ್ಣ ಚರ್ಚೆಯಾಯಿತು. ಮದುವೆಯ ಸ್ಟೀಲ್ ಲೋಟಗಳು ಮಸೀದಿಯ ಕೋಣೆಯಲ್ಲಿ ಇನ್ನೂರು ಇವೆ, ತರೋಣವೇ ಎಂದು ಒಬ್ಬರು ಕೇಳಿದರು. ಬೇಡ, ಕುಡಿದು ಎಸೆಯುವ ಲೋಟ ತಂದರೆ ಅನುಕೂಲ ಎಂದು ಇನ್ನೊಬ್ಬರು ಹೇಳಿದರು. ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ತೊಳೆಯುವ ಕೆಲಸ ಇಲ್ಲವಲ್ಲ. ಹೇಳಿದವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಎಂದೇ ನಂಬುತ್ತೇನೆ. ಆದರೆ ಎಸೆಯುವ ಲೋಟದ ಒಂದು ಗುಣ ಇದು: ಯಾರು ಯಾರ ಲೋಟದಲ್ಲಿ ಕುಡಿಯುತ್ತಾರೆ ಎಂಬ ಪ್ರಶ್ನೆಯೇ ಏಳದಂತೆ ಮಾಡುತ್ತದೆ. ಆ ಪ್ರಶ್ನೆ ಎದ್ದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಪಾಸಾಗುತ್ತಿದ್ದೆವು ಎಂಬುದು ಕೊನೆಗೂ ತಿಳಿಯಲಿಲ್ಲ. ಮಗು, ನೀನು ಕೇಳಿದ್ದು ಇದನ್ನೇ. ಶರಬತ್ತು ಕೊಡುವುದಕ್ಕೂ ಜೊತೆಗೆ ನಡೆಯುವುದಕ್ಕೂ ವ್ಯತ್ಯಾಸ ಇದೆ. ಕೊಡುವವನು ಮೇಜಿನ ಈ ಕಡೆ ನಿಲ್ಲುತ್ತಾನೆ.

ಇನ್ನು ಶಾಲೆಯ ವಿಷಯಕ್ಕೆ ಬರುತ್ತೇನೆ, ಅದು ನನ್ನ ಕಸುಬು. ಬಾಲಕ ಭೀಮರಾವ್ ಶಾಲೆಯಲ್ಲಿ ಕೂರಲು ಮನೆಯಿಂದ ಒಂದು ಗೋಣಿತಾಟು ಒಯ್ಯಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಇದು ನಿಮಗೆ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ್ದು ಹೇಳುತ್ತೇನೆ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಕಲಿಯಬೇಕೆಂಬ ಆಸೆ ಇತ್ತು. ಅಸ್ಪೃಶ್ಯನಿಗೆ ಸಂಸ್ಕೃತ ಕಲಿಸಲು ಒಪ್ಪಲಿಲ್ಲ. ಹಾಗಾಗಿ ಅವರು ಫಾರ್ಸಿ ತೆಗೆದುಕೊಂಡರು. ಮುಚ್ಚಿದ ಬಾಗಿಲ ಪಕ್ಕದಲ್ಲಿ ಫಾರ್ಸಿಯ ಬಾಗಿಲು ತೆರೆದಿತ್ತು. ಉರ್ದು ಕಲಿಸುವ ನನಗೆ ಇದು ದೊಡ್ಡ ಸಮಾಧಾನದ ಸಂಗತಿ. ಹಾಗೆಯೇ ಸ್ವಲ್ಪ ಭಯದ ಸಂಗತಿಯೂ ಹೌದು. ನನ್ನ ತರಗತಿಯ ಬಾಗಿಲು ಇಂದು ಯಾರಿಗೆ ತೆರೆದಿದೆ?

ನಮ್ಮ ಜಿಲ್ಲೆಯಲ್ಲೂ ಇಂತಹ ಬಾಗಿಲು ತೆರೆದವರೊಬ್ಬರಿದ್ದರು. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಅದರೊಳಗೆ ನಾವು ನಾಟಕ ನೋಡಿದ್ದೇವೆ, ಸಮ್ಮೇಳನ ಕೇಳಿದ್ದೇವೆ. ಆ ಹೆಸರು ಯಾರದೆಂದು ಕೇಳಿದವರು ಕಡಿಮೆ. ಅವರು 1859ರ ಜೂನ್ 29ರಂದು ಕಾಸರಗೋಡಿನ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಮಂಗಳೂರಿಗೆ ಬಂದು ಮೊದಲು ಮಾಸ್ತರಿಕೆ, ಆಮೇಲೆ ವಕೀಲಿಕೆ. ಬ್ರಹ್ಮ ಸಮಾಜ ಸೇರಿದರು. 1892ರಲ್ಲಿ ಚಿಲಿಂಬಿಯಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಒಂದು ಶಾಲೆ ತೆರೆದರು. ಅಂಬೇಡ್ಕರ್ ಆಗ ಒಂದು ವರ್ಷದ ಕೂಸು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿ, ಮಂಗಳೂರು, ಉಳ್ಳಾಲ, ಮುಲ್ಕಿ, ಉಡುಪಿಯ ಕಡೆಗಳಿಗೆ ಶಾಲೆಗಳನ್ನು ಹಬ್ಬಿಸಿದರು.

ಅವರು ಶಾಲೆ ನಡೆಸಿದ ರೀತಿಯನ್ನು ಸಂಘದವರು ಗಮನವಿಟ್ಟು ಕೇಳಬೇಕು. ಶಾಲೆ ತೆರೆದರೆ ಮಕ್ಕಳು ಬರುತ್ತಾರೆಂದು ಅವರು ನಂಬಿ ಕೂರಲಿಲ್ಲ. ಮಗು ದನ ಕಾಯಲು ಹೋಗದಿದ್ದರೆ ಮನೆಗೆ ಆಗುವ ನಷ್ಟ ಅವರಿಗೆ ಗೊತ್ತಿತ್ತು. ಅದಕ್ಕಾಗಿ ಶಾಲೆಗೆ ಹಾಜರಾದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಮೇಲ್ಜಾತಿಯ ಶಿಕ್ಷಕರು ಈ ಮಕ್ಕಳ ಹತ್ತಿರ ಬರಲು ಹಿಂಜರಿದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಅಕ್ಷರದ ಜೊತೆ ನೇಯ್ಗೆ, ಮರಗೆಲಸ ಕಲಿಸಿದರು. ಮನೆ ಕಟ್ಟಲು ಜಾಗ ಕೊಡಿಸಿದರು. ಸ್ವಂತ ಜನ ಬಹಿಷ್ಕಾರ ಹಾಕಿದರು. ಕ್ಷೌರಿಕ, ಅಗಸರೂ ಮನೆಗೆ ಬರದಂತಾಯಿತು. ಸುಮ್ಮನಿದ್ದು ವಕೀಲಿಕೆ ಮಾಡಿದ್ದರೆ ಎರಡಂತಸ್ತಿನ ಮನೆ ಕಟ್ಟಬಹುದಿತ್ತು. ಮಹಾಡಿನಲ್ಲಿ ಮೆರವಣಿಗೆ ನಡೆದ ಅದೇ 1927ರಲ್ಲಿ ಇವರು ಇಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂದು ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ದಲಿತರೇ ಹೊರಬೇಕು ಎಂಬುದು ಅವರ ಆಸೆಯಾಗಿತ್ತು. ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಅದರ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದು ಅವರು ಹೇಳಿದ್ದನ್ನು ಜಿಲ್ಲೆಯಲ್ಲಿ ಇಂದಿಗೂ ನೆನೆಯುತ್ತಾರೆ. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಮುಂದಿನ ಶೈಕ್ಷಣಿಕ ಪ್ರವಾಸದಲ್ಲಿ ಬೀಚಿಗೆ ಹೋಗುವ ಮೊದಲು ಅಲ್ಲಿ ಹತ್ತು ನಿಮಿಷ ಬಸ್ ನಿಲ್ಲಿಸಬೇಕೆಂದು ನನ್ನ ಕೋರಿಕೆ.

ಹುಡುಗಿಯರಿಗಾಗಿ ಒಂದು ಮಾತು. ರಂಗರಾಯರ ಮಗಳು ರಾಧಾಬಾಯಿ. ತಂದೆ ಅವರನ್ನು ಓದಿಸಿದರು, ಜಾತಿಯ ಹೊರಗೆ ಡಾ. ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. 1930ರಲ್ಲಿ ಲಂಡನ್ನಿನಲ್ಲಿ ಮೊದಲ ದುಂಡು ಮೇಜಿನ ಪರಿಷತ್ತು ಸೇರಿದಾಗ ಭಾರತದ ಇಬ್ಬರು ಮಹಿಳಾ ಪ್ರತಿನಿಧಿಗಳಲ್ಲಿ ಒಬ್ಬರು ಈ ರಾಧಾಬಾಯಿ ಸುಬ್ಬರಾಯನ್, ಇನ್ನೊಬ್ಬರು ಬೇಗಂ ಜಹಾನಾರಾ ಷಾ ನವಾಜ್. ಅದೇ ಪರಿಷತ್ತಿನಲ್ಲಿ ದಲಿತರ ಪರವಾಗಿ ಡಾ. ಅಂಬೇಡ್ಕರ್. ಎಸ್ಸೆಸ್ಸೆಲ್ಸಿ ಆದ ಕೂಡಲೇ ಮದುವೆಯ ಮಾತು ಎತ್ತುವ ತಂದೆತಾಯಿಗಳು ಈ ಮೂರು ಹೆಸರನ್ನು ಒಟ್ಟಿಗೆ ಹೇಳಿ ನೋಡಲಿ.

ಮೆರವಣಿಗೆಯ ಡೋಲಿಗೆ ಮರಳುತ್ತೇನೆ. ಡೋಲು ಕೇಳಿ ನಮ್ಮ ಹುಡುಗರು ಕುಣಿಯಲು ನೋಡಿದರು. ಕುಣಿಯಲಿ, ತಪ್ಪಿಲ್ಲ. ಆದರೆ ಆ ಡೋಲಿನ ಹಿಂದೆ ಒಂದು ಕಹಿ ಇದೆ. ಕೊರಗರನ್ನು ಉಚಿತವಾಗಿ ದುಡಿಸುವ, ಅವಮಾನಿಸುವ ಅಜಲು ಎಂಬ ಪದ್ಧತಿ ನಮ್ಮ ಜಿಲ್ಲೆಯಲ್ಲಿತ್ತು. ಕರೆದಲ್ಲಿಗೆ ಹೋಗಿ ಡೋಲು ಬಾರಿಸಬೇಕು, ಕಂಬಳದ ಗದ್ದೆಯಲ್ಲಿ ಕೋಣಗಳ ಮುಂದೆ ಓಡಬೇಕು. ರೋಗಿಗಳ ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುತ್ತಿದ್ದರು, ರೋಗ ಅವರಿಗೆ ಹೋಗಲಿ ಎಂದು. ಊಟದ ಹೊತ್ತಿನಲ್ಲಿ ಇದನ್ನು ಹೇಳಿದ್ದಕ್ಕೆ ಕ್ಷಮೆ ಇರಲಿ, ತಿಂದವರ ಮುಂದೆ ನಮ್ಮ ಮುಜುಗರ ದೊಡ್ಡದಲ್ಲ. ಇದನ್ನು ನಿಷೇಧಿಸುವ ಪ್ರತ್ಯೇಕ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಐವತ್ತು ವರ್ಷ ಕಳೆದ ಮೇಲೆ. ಆದ್ದರಿಂದ ಕರೆಸಿಕೊಂಡವರ ಅಂಗಳದಲ್ಲಿ ಬಾರಿಸಿದ ಡೋಲು ಬೇರೆ, ತಮ್ಮ ನಾಯಕನ ಮೆರವಣಿಗೆಯಲ್ಲಿ ತಾವೇ ಇಷ್ಟಪಟ್ಟು ಬಾರಿಸುವ ಡೋಲು ಬೇರೆ.

ಕಾಯಿದೆಗಿಂತ ಮೊದಲು ಜನ ನಡೆದಿದ್ದರು. 1993ರ ಆಗಸ್ಟ್ 18ರಂದು ಕೊರಗರು ಭೂಮಿಯ ಹಕ್ಕಿಗಾಗಿ ಮಂಗಳೂರಿನಲ್ಲಿ ರ‍್ಯಾಲಿ ನಡೆಸಿದರು. ಮೈ ಮುದುಡಿಕೊಂಡು ಹಟ್ಟಿಯ ಮಾಡಿನ ಕೆಳಗೆ ಕೂರುತ್ತಿದ್ದವರು ಜಿಲ್ಲೆಯ ದೊಡ್ಡ ರಸ್ತೆಯ ನಡುವೆ ನಡೆದರು. ಆ ದಿನದ ನೆನಪಿಗೆ ಪ್ರತಿ ವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಕೊರಗರ ಸ್ಥಿತಿಗತಿಯ ಅಧ್ಯಯನ ಮಾಡಿ, ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿದವರು ಮಂಗಳೂರು ವಿಶ್ವವಿದ್ಯಾನಿಲಯದ ಡಾ. ಮಹಮ್ಮದ್ ಪೀರ್. ಅವರ ವರದಿ ಪೂರ್ಣವಾಗಿ ಜಾರಿಯಾಗಬೇಕೆಂಬ ಬೇಡಿಕೆ ಇಂದಿಗೂ ಆ ಹಬ್ಬದ ವೇದಿಕೆಯಲ್ಲಿ ಕೇಳಿಬರುತ್ತದೆ. ನಮ್ಮ ಸಂಘದ ಗೋಡೆಯಲ್ಲಿ ಕವಿಗಳ, ಮುತ್ಸದ್ದಿಗಳ ಚಿತ್ರಗಳಿವೆ. ಒಬ್ಬ ಪ್ರಾಧ್ಯಾಪಕರ ವರದಿಯನ್ನು ಅಷ್ಟು ದೂರದ ಕೊಪ್ಪಗಳಲ್ಲಿ ಜನ ಹೆಸರು ಹಿಡಿದು ನೆನೆಯುತ್ತಾರೆ, ನಮ್ಮಲ್ಲಿ ಎಷ್ಟು ಮಂದಿ ಅವರ ಹೆಸರು ಕೇಳಿದ್ದೇವೆ?

ಹೀಗೆ ಮಹಾಡಿನ ಫತ್ತೇಖಾನರೂ ನಮ್ಮವರೇ, ದೌಲತಾಬಾದಿನ ಆ ಮುದುಕರೂ ನಮ್ಮವರೇ. ವರದಿ ಬರೆದ ಪ್ರಾಧ್ಯಾಪಕರೂ ನಮ್ಮವರೇ, ಲೋಟವನ್ನು ಬೂದಿಯಲ್ಲಿ ತಿಕ್ಕಿದ ನನ್ನ ದಾದಿಮಾ ಕೂಡ. ಅವರಿಗೆ ಜನ್ನತ್ ಸಿಗಲಿ ಎಂದು ಪ್ರತಿ ಜುಮಾ ದಿನ ದುಆ ಮಾಡುತ್ತೇನೆ. ಆ ಬುಟ್ಟಿಯ ಹಿರಿಯರು ಮಾಫಿ ಕೊಟ್ಟಿದ್ದಾರೆಯೇ ಎಂದು ಕೇಳಲು ಮಾತ್ರ ನನಗೆ ಆಗಲಿಲ್ಲ. ನಾನು ಕೆಲಸಕ್ಕೆ ಸೇರಿ ಊರಿಗೆ ಬರುವ ಮೊದಲೇ ಅವರು ತೀರಿಹೋಗಿದ್ದರು.

ಈಗ ನಮ್ಮ ಸಂಘದ ವಿಷಯ. ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟದ್ದು ಸಂವಿಧಾನದ 30ನೆಯ ವಿಧಿ. ಅದರ ಕರಡು ಸಮಿತಿ ರಚನೆಯಾದದ್ದು 1947ರ ಆಗಸ್ಟ್ 29ರಂದು, ಅಧ್ಯಕ್ಷರು ಡಾ. ಅಂಬೇಡ್ಕರ್. ನಮ್ಮ ಈ ಪೆಂಡಾಲು, ಈ ಸಂಘ, ನಾನು ಕಲಿಸುವ ಉರ್ದು, ಎಲ್ಲದರ ಮೇಲೂ ಆ ಪುಸ್ತಕದ ನೆರಳಿದೆ. ನಾವು ವರ್ಷವೂ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆಯ ತರಬೇತಿ ತರಗತಿ ನಡೆಸುತ್ತೇವೆ. ಗಣಿತ, ವಿಜ್ಞಾನ, ಇಂಗ್ಲಿಷ್. ಅದರಿಂದ ಎಷ್ಟೋ ಮಕ್ಕಳು ಪಾಸಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆ ತರಗತಿಯ ಕಿಟಕಿಯಿಂದ ನೋಡಿದರೆ ಕಾಣುವ ಕಾಲನಿಯಲ್ಲಿ ಅದೇ ತರಗತಿಯ ಮಕ್ಕಳಿದ್ದಾರೆ. ಹಗಲು ಶಾಲೆಯಲ್ಲಿ ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ, ಸಂಜೆ ರಸ್ತೆಯ ಆಚೆ ಉಳಿಯುತ್ತಾರೆ. ನಾವು ಯಾರನ್ನೂ ಬರಬೇಡಿ ಎಂದು ಹೇಳಿಲ್ಲ. ಬನ್ನಿ ಎಂದೂ ಹೇಳಿಲ್ಲ. ಮಹಾಡಿನ ಠರಾವು ಕೂಡ ಯಾರನ್ನೂ ತಡೆದಿರಲಿಲ್ಲ.

ಸಮಿತಿಯಲ್ಲಿ ಇದನ್ನು ಎತ್ತಿದಾಗ ಬಂದ ಆಕ್ಷೇಪಗಳು ನ್ಯಾಯವಾದವೇ. ಒಂದು, ಹಣ ಎಲ್ಲಿಂದ? ಝಕಾತಿನ ಹಣಕ್ಕೆ ಅದರದೇ ಆದ ಮಸಲೆಗಳಿವೆ, ಅದನ್ನು ಉಲಮಾಗಳೇ ಹೇಳಬೇಕು, ನಾನು ಕೈ ಹಾಕುವುದಿಲ್ಲ. ಆದರೆ ತರಬೇತಿ ತರಗತಿ ನಡೆಯುವುದು ಸದಸ್ಯತನದ ಚಂದಾ ಮತ್ತು ದಾನಿಗಳ ಸದಖಾದಿಂದ. ಅದಕ್ಕೆ ಆ ತಡೆ ಇಲ್ಲ. ಎರಡನೆಯದು, ನಮ್ಮ ಮಕ್ಕಳೇ ಹಿಂದುಳಿದಿದ್ದಾರಲ್ಲ ಎಂಬ ಮಾತು. ನಿಜ. 2006ರ ಸಾಚಾರ್ ವರದಿಯನ್ನು ನಾನೂ ಓದಿದ್ದೇನೆ, ನನ್ನ ತರಗತಿಯ ಹಾಜರಿ ಪುಸ್ತಕವನ್ನೂ ದಿನವೂ ನೋಡುತ್ತೇನೆ. ನಮ್ಮ ಮಗುವಿನ ಜಾಗ ಕಿತ್ತು ಕೊಡಿ ಎಂದು ಕೇಳುತ್ತಿಲ್ಲ. ನಲವತ್ತು ಬೆಂಚುಗಳ ಕೋಣೆಯಲ್ಲಿ ಕಳೆದ ವರ್ಷ ಇಪ್ಪತ್ತಾರು ಮಕ್ಕಳಿದ್ದರು. ಮೂರನೆಯದು, ಕರೆದರೂ ಅವರು ಬರುವುದಿಲ್ಲ ಎಂಬುದು. ಇರಬಹುದು. ರಂಗರಾಯರ ಶಾಲೆಗೂ ಮೊದಲ ದಿನ ಯಾರೂ ಓಡಿಬಂದಿರಲಿಲ್ಲ, ಅದಕ್ಕೇ ಎರಡು ಪೈಸೆ. ಮನೆಮನೆಗೆ ಹೋಗಿ ಕರೆಯುವ ಕೆಲಸ ನನಗಿರಲಿ, ಜೊತೆಗೆ ಬರಲು ಇಬ್ಬರು ಶಿಕ್ಷಕಿಯರು ಒಪ್ಪಿದ್ದಾರೆ.

ಜೂನ್ ಮೊದಲ ವಾರದಲ್ಲಿ ಈ ವರ್ಷದ ತರಗತಿ ಆರಂಭವಾಗಬೇಕು. ಹಳೆಯ ಅರ್ಜಿ ಫಾರಂ ಮುಗಿದಿದೆ, ಹೊಸತು ಅಚ್ಚು ಹಾಕಿಸಬೇಕಾಗಿದೆ. ಹಳೆಯದರಲ್ಲಿ ಮಗುವಿನ ಹೆಸರು, ತಂದೆಯ ಹೆಸರು ಆದ ಮೇಲೆ ಮೂರನೆಯ ಸಾಲು “ಯಾವ ಜಮಾಅತ್” ಎಂದಿತ್ತು. ಆ ಸಾಲನ್ನು ತೆಗೆದು ಕರಡು ಬರೆದಿದ್ದೇನೆ. ಮುದ್ರಣಾಲಯಕ್ಕೆ ಕೊಡುವ ಮೊದಲು ಅಧ್ಯಕ್ಷರ ಸಹಿ ಬೇಕು. ಕರಡು ನನ್ನ ಚೀಲದಲ್ಲಿದೆ, ಈ ಸಭೆ ಮುಗಿದು ಊಟಕ್ಕೆ ಏಳುವ ಮೊದಲು ಅವರ ಮುಂದೆ ಇಡುತ್ತೇನೆ. ಇಂದಿನ ಊಟಕ್ಕೆ ಮಸೀದಿಯ ಕೋಣೆಯಿಂದ ಆ ಇನ್ನೂರು ಸ್ಟೀಲ್ ಲೋಟಗಳನ್ನು ತರಿಸಿದ್ದೇವೆ. ಮೆರವಣಿಗೆಯ ಡೋಲಿನ ತಂಡದವರನ್ನೂ ಊಟಕ್ಕೆ ಕರೆದಿದ್ದೇವೆ, ಅವರು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಲೋಟ ತೊಳೆಯುವ ಪಾಳಿ ಒಂಬತ್ತನೆಯ ತರಗತಿಯದು.